ಮಾಬ್ಲನ ಪಟದ ಬೆನ್ನು

ಕುಮಟೆಯಲ್ಲಿ ಫೋಟೋಕ್ಕೆ ಕಟ್ಟು ಹಾಕುವವರು ನಾಲ್ಕೈದು ಮಂದಿ ಇದ್ದರೂ, ಸರಿಯಾಗಿ ಹಾಕಲು ಬರುವುದು ತನಗೊಬ್ಬನಿಗೇ ಎಂದು ದಿನಕರನ ಗಟ್ಟಿ ನಂಬಿಕೆ. ಉಳಿದವರು ಪಟದ ಮುಖ ನೋಡಿದರೆ ಇವನು ನೋಡುವುದು ಬೆನ್ನು. ಹಿಂಬದಿಯ ರಟ್ಟಿಗೆ ಮೊಳೆ ಹೊಡೆದು, ಮೇಲೆ ಖಾಕಿ ಕಾಗದವನ್ನು ಅಂಚಿನಿಂದ ಅಂಚಿಗೆ ಎಳೆದು ಅಂಟಿಸಿ, ಅಂಗೈಯಿಂದ ತೀಡುತ್ತಾನೆ. "ಇನ್ನು ಧೂಳಲ್ಲ, ಅದರಪ್ಪ ಬಂದ್ರೂ ಒಳಗೆ ಹೋಗೂಕಿಲ್ಲ. ಗಾಳಿಗೂ ದಾರಿ ಇಲ್ಲ" ಎಂದು ಹೇಳಿಯೇ ಗಿರಾಕಿಯ ಕೈಗೆ ಕೊಡುವುದು. ಗಿರಾಕಿ ಕೇಳದಿದ್ದರೂ ಹೇಳುತ್ತಾನೆ.

ಅಂಟೂ ಅವನದೇ ತಯಾರಿ. ಮೈದಾ ಕುದಿಸಿ, ಇಳಿಸುವ ಮೊದಲು ಒಂದು ಚಿಟಿಕೆ ಮೈಲುತುತ್ತು. ಅಡಿಕೆ ತೋಟದವರು ಔಷಧಿಗೆ ಬಳಸುವ ಅದೇ ನೀಲಿ ವಿಷ. ಅದಿಲ್ಲದಿದ್ದರೆ ಮೈದಾ ಅಂಟೆಂದರೆ ಹುಳಗಳಿಗೆ ಮದುವೆ ಊಟ. ಕಾಗದ ಮುಗಿಸಿ, ರಟ್ಟು ಕೊರೆದು, ಕಡೆಗೆ ಫೋಟೋಕ್ಕೇ ಬಾಯಿ ಹಾಕುತ್ತವೆ.

ಒಂದು ಸೋಮವಾರ ಅಂಟು ಕುದಿಸಲು ಹೊರಟವನಿಗೆ ಕಪಾಟಿನಲ್ಲಿ ಮೈಲುತುತ್ತಿನ ಹೊಸ ಪೊಟ್ಟಣ ಕಟ್ಟಿದ ದಾರದ ಸಮೇತ ಕಂಡಿತು. ಹಳೆಯದು ಮುಗಿಯಿತೆಂದು ಅದನ್ನು ತಂದು ಹದಿನೈದು ದಿನವಾಗಿತ್ತು. ಆಮೇಲೆ ಅಂಟು ಮಾಡಿದ್ದು ಒಂದೇ ಸಲ. ಆ ಅಂಟಿನಲ್ಲಿ ಕಟ್ಟಿದ್ದು ಅಘನಾಶಿನಿ ಊರಿನ ಕಮಲಿಯ ಗಂಡ ಮಾಬ್ಲನ ಪಟ.

ದಿನಕರ ಪೊಟ್ಟಣ ತಿರುಗಿಸಿ ನೋಡಿದ; ದಾರದ ಗಂಟು ಬಿಚ್ಚಿಯೇ ಇರಲಿಲ್ಲ. ಮೀನು ಮಾರುವ ಕಮಲಿ, ಗಂಡ ತೀರಿಕೊಂಡ ವರ್ಷಕ್ಕೆ ಆ ಫೋಟೋವನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು. "ಇದೊಂದೇ ತಮಾ ಇರೂದು. ಮೊಬೈಲಲ್ಲಿ ಇದ್ದದ್ದೆಲ್ಲ ಮೊಬೈಲ್ ಸಮೇತ ಹೊಳೆಗೆ ಬಿತ್ತು" ಎಂದಿದ್ದಳು. ದಿನಕರ ಆಗ ಅಂಟು ಕಲಸುತ್ತ ತನ್ನ ಕೆಲಸದ ಹೆಚ್ಚುಗಾರಿಕೆಯ ಮೇಲೆ ಭಾಷಣ ಬಿಗಿಯುತ್ತಿದ್ದ. ಬಾಯಿ ಓಡಿತು, ಕೈ ಮರೆಯಿತು.

ಹೊಸ ಅಂಟು ಡಬ್ಬಿಗೆ ತುಂಬಿಕೊಂಡು, ಕಾಗದ ಸುರುಳಿ ಸುತ್ತಿಕೊಂಡು ಅಘನಾಶಿನಿಗೆ ಬಸ್ಸು ಹತ್ತಿದ. ನಿಜ ಹೇಳುವ ಧೈರ್ಯ ಮಾತ್ರ ದಾರಿಯಲ್ಲೇ ಎಲ್ಲೋ ಇಳಿದುಹೋಯಿತು.

"ಸರ್ವೀಸಿಂಗಿಗೆ ಬಂದೆ ಕಮಲಕ್ಕ. ಪುಕ್ಕಟೆ."

ಬುಟ್ಟಿ ತೊಳೆಯುತ್ತಿದ್ದ ಕಮಲಿ ತಲೆಯೆತ್ತಿದಳು. "ಪಟಕ್ಕೂ ಸರ್ವೀಸಿಂಗಾ? ಎಂತ, ಆಯಿಲ್ ಹಾಕ್ತ್ಯಾ?"

ದಿನಕರ ಹಲ್ಲು ಕಿರಿದು, ಗೋಡೆಯ ಪಟ ಇಳಿಸಿ ತಿರುಗಿಸಿದ. ಅಂಚಿನಿಂದ ಸಣ್ಣ ಹುಳವೊಂದು ಓಡಿತು. ಕಾಗದದ ಒಂದು ಮೂಲೆ ಆಗಲೇ ಜರಡಿ. ಆದರೆ ನಡುಮಧ್ಯೆ ಬೇರೆಯೇ ಕತೆ: ಯಾರೋ ಬ್ಲೇಡಿನಿಂದ ಕಾಗದವನ್ನು ಚೌಕವಾಗಿ ಕೊಯ್ದು, ರಟ್ಟಿಗೂ ಮೊಳೆಯಿಂದ ನಾಲ್ಕು ತೂತು ಚುಚ್ಚಿದ್ದರು.

ಅವನಿಗೆ ಹೋದ ಜೀವ ಬಂತು. ತಪ್ಪು ಹೊರಿಸಲು ಇದಕ್ಕಿಂತ ಒಳ್ಳೆಯ ತೂತು ಎಲ್ಲಿ ಸಿಗಬೇಕು? ಕೂಡಲೇ ದನಿ ಏರಿತು. "ಯಾರು ಕೊಯ್ದದ್ದು ಇದನ್ನ? ಹುಳ ಬರದೆ ಮತ್ತೆಂತ ಬತ್ತದೆ?"

"ನಾನೇ." ಕಮಲಿ ಸೆರಗಿಗೆ ಕೈ ಒರೆಸಿಕೊಂಡಳು. ಮುಖದ ತಮಾಷೆ ಮಾಯವಾಗಿತ್ತು. "ಬಯ್ಬೇಡ ತಮಾ. ಅವರು ಬಾಗ್ಲು ಹಾಕಿದ ಕೋಣೇಲಿ ಒಂದಿನ ಮಲಗಿದವರಲ್ಲ. ಮದುವೆಯಾದ ದಿನವೇ ಚಾಪೆ ಎಳ್ಕಂಡು ಜಗಲಿಗೆ ಹೋದವರು. ಗಾಳಿಗೂ ದಾರಿ ಇಲ್ಲ ಅಂತ ನೀನು ಹೇಳ್ದೆ. ತಂದು ತೂಗು ಹಾಕಿದ ಮೇಲೆ ನಂಗೆ ನಿದ್ರೆನೇ ಬರ್ಲಿಲ್ಲ."

ದಿನಕರನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕಣ್ಣು ಪಟದ ಮೇಲಿಟ್ಟುಕೊಂಡೇ ಹೇಳಿದ, "ಹುಳ ತೂತಿಂದ ಬಂದದ್ದಲ್ಲ ಕಮಲಕ್ಕ. ನಾನು ಅಂಟಿಗೆ ಮೈಲುತುತ್ತು ಹಾಕೂಕೆ ಮರ್ತೆ. ಸರ್ವೀಸಿಂಗೂ ಸುಳ್ಳು."

"ಅದು ಗೊತ್ತಾತು," ಎಂದಳು ಕಮಲಿ. "ಪುಕ್ಕಟೆ ಅಂದಾಗ್ಲೇ."

ಬಿಚ್ಚಿ ನೋಡಿದರೆ ಫೋಟೋಕ್ಕೆ ಏನೂ ಆಗಿರಲಿಲ್ಲ. ದೋಣಿಗೆ ಒರಗಿ ನಿಂತ ಮಾಬ್ಲ ಅಂಗಿಯ ಗುಂಡಿ ಬಿಚ್ಚಿಕೊಂಡು ನಗುತ್ತಲೇ ಇದ್ದ. ದಿನಕರ ಹಳೆಯ ಅಂಟನ್ನೆಲ್ಲ ಕೆರೆದು, ಒರೆಸಿ, ಹೊಸ ಕಾಗದ ಎಳೆದು ಅಂಟಿಸಿದ. ಅಂಗೈಯಿಂದ ತೀಡುತ್ತ ನಡುವಿಗೆ ಬಂದವನ ಕೈ ನಿಂತಿತು. ಕಸುಬಿನ ಮರ್ಯಾದೆ ಒಂದು ಕಡೆ ಎಳೆಯಿತು, ಕಮಲಿಯ ಮುಖ ಇನ್ನೊಂದು ಕಡೆ. ಕೊನೆಗೆ ಬ್ಲೇಡು ತೆಗೆದು ರಟ್ಟಿನ ತೂತುಗಳ ನೇರಕ್ಕೆ ತಾನೇ ಒಂದು ಚೌಕ ಕೊಯ್ದ. ಹರಿದ ಸೊಳ್ಳೆಪರದೆಯ ತುಂಡೊಂದನ್ನು ಅವಳಿಂದ ಕೇಳಿ ಪಡೆದು, ನಾಲ್ಕು ಮಡಿಕೆ ಮಾಡಿ, ಗಾಳಿ ಬರಲಿ, ಹುಳ ಬಾರದಿರಲಿ ಎಂದು ಆ ಕಿಂಡಿಗೆ ಬಿಗಿಯಾಗಿ ಅಂಟಿಸಿದ.

ಪಟ ಗೋಡೆಗೇರಿತು. ಕಮಲಿ ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು ಗಂಡನಿಗೇ ಹೇಳಿದಳು:

"ಗಾಳಿಗೆ ಕಿಂಡಿ ಆತು, ಸೊಳ್ಳೆಪರದೆನೂ ಕಟ್ಟಿ ಆತು. ಇನ್ನಾದ್ರೂ ಒಳಗೆ ಮಲ್ಕಣಿ."