ತಿಮ್ಮು ಮಾಸ್ತರು ಸತ್ತ ಸುದ್ದಿ

ದೀಪಾಲಿ ಅಣ್ಣ ನಿತೇಶನ ಹಣೆಗೆ ಗಂಧ ಹಚ್ಚಲು ಬಗ್ಗಿದ್ದಾಗಲೇ ಗೇಟಿನ ಹತ್ತಿರ ಯಾರೋ "ಅಯ್ಯೋ ದೇವ್ರೇ" ಎಂದು ಕೂಗಿದರು. ತಲೆಯೆತ್ತಿ ನೋಡಿದಳು. ಬಗಲಲ್ಲಿ ಕೊಡೆ ಇಟ್ಟುಕೊಂಡ ಮುದುಕರೊಬ್ಬರು ಚಪ್ಪಲಿ ಕಳಚಿ ಅಂಗಳಕ್ಕೆ ಬರುತ್ತಿದ್ದರು. ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಇಬ್ಬರು ಕೈಬಿಟ್ಟು ಹಿಂದೆ ಸರಿದರು. ದೀಪಾಲಿಯ ಕೈಯಲ್ಲಿದ್ದ ಬಟ್ಟಲು ಜಾರಿ ಗಂಧವೆಲ್ಲ ನೆಲಕ್ಕೆ ಚೆಲ್ಲಿತು.

ಆ ಮುಖ ಗೊತ್ತಿಲ್ಲದವರು ಕಾರವಾರದಲ್ಲೂ ಇಲ್ಲ, ಅಂಕೋಲೆಯಲ್ಲೂ ಇಲ್ಲ. ನಲವತ್ತು ವರ್ಷ ನಾಟಕಗಳಲ್ಲಿ ಜನರನ್ನು ನಗಿಸಿ, ಮುದಿವಯಸ್ಸಿನಲ್ಲಿ ಎರಡು ಸಿನಿಮಾ, ಒಂದು ಟೀವಿ ಧಾರಾವಾಹಿಯಲ್ಲಿ ಕಾಣಿಸಿಕೊಂಡಿದ್ದ ಶೆಟಗೇರಿಯ ತಿಮ್ಮು ಮಾಸ್ತರು. ಅವರು ತೀರಿಕೊಂಡರೆಂದು ನಿನ್ನೆ, ಭಾನುವಾರ ಮಧ್ಯಾಹ್ನ, ಈ ಮನೆಗೆ ಫೋನು ಬಂದಿತ್ತು. ಆ ಫೋನು ಬಂದದ್ದಕ್ಕೇ ನಿತೇಶ ಅರ್ಧ ಊಟದಲ್ಲಿ ಎದ್ದು ಬೈಕು ಹತ್ತಿದ್ದ. ಶೆಟಗೇರಿಯ ದಾರಿಯಲ್ಲಿ, ಅವರ್ಸಾದ ಹತ್ತಿರ ಅದಿರಿನ ಲಾರಿಯೊಂದು ಅವನನ್ನು ಬಲಿ ತೆಗೆದುಕೊಂಡಿತ್ತು. ಆಸ್ಪತ್ರೆ, ಪೊಲೀಸರು, ಪೋಸ್ಟ್‌ಮಾರ್ಟೆಮ್ ಅಂತ ಓಡಾಡುವ ಗಡಿಬಿಡಿಯಲ್ಲಿ ತಿಮ್ಮು ಮಾಸ್ತರ ಸಾವನ್ನು ವಿಚಾರಿಸುವ ವ್ಯವಧಾನ ಯಾರಿಗಿತ್ತು? ಈಗ ಸತ್ತವರನ್ನು ನೋಡಲು ಹೊರಟವನು ಹಬ್ಬುವಾಡದ ಈ ಅಂಗಳದಲ್ಲಿ ಮಲಗಿದ್ದಾನೆ, ಸತ್ತವರು ತಮ್ಮ ಕಾಲ ಮೇಲೆ ನಡೆದು ಬಂದಿದ್ದಾರೆ.

"ಮಾಸ್ತರೆ, ನೀವು ಹೋದ್ರಿ ಅಂದಿದ್ರಲ್ಲಾ..." ಎಂದ ವಿಕಾಸ. ನಿತೇಶ ಇದ್ದ ಪತ್ರಿಕೆಯಲ್ಲೇ ಕೆಲಸ ಮಾಡುವವನು.

ಮಾಸ್ತರು ಮುಂದೆ ಬಂದರು. ನಿತೇಶನ ಕಾಲ ಬುಡದಲ್ಲಿ ನಿಂತು ನೋಡಿದರು. ಕೊಡೆ ಬಗಲಿನಿಂದ ಜಾರಿ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ.

ಅಪ್ಪ ರಾಮನಾಥರು ಜಗಲಿಯಿಂದ ಇಳಿದು ಬಂದರು. ಬಿಣಗಾದ ಫ್ಯಾಕ್ಟರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಮನುಷ್ಯ. ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಜನ ಅದನ್ನೇ ಹೆದರಿಕೆಯಿಂದ ನೋಡುತ್ತಿದ್ದರು.

"ನಿಮ್ಮನೆಯಿಂದ ನಿನ್ನೆ ಫೋನ್ ಮಾಡಿದ್ದು ಯಾರು?" ಎಂದು ಕೇಳಿದರು. "ಒಬ್ಳು ಹೆಂಗಸು. ಅಳ್ತಾ ಇದ್ಲು ಅಂತೆ. ನಂಗೆ ಅವ್ಳ ಹೆಸ್ರು ಬೇಕು ಮಾಸ್ತರೆ. ಹೆಸ್ರು ಗೊತ್ತಾಗದೇ ನನ್ನ ಮಗನ್ನ ಇಲ್ಲಿಂದ ಎತ್ತೂಕೆ ಬಿಡೋದಿಲ್ಲ."

*

ನಿತೇಶ ಬಿ.ಕಾಂ. ಮುಗಿಸಿದಾಗ ರಾಮನಾಥರು ಫ್ಯಾಕ್ಟರಿ ಕೆಲಸದ ಅರ್ಜಿ ತಂದುಕೊಟ್ಟಿದ್ದರು. ಮಗ ಅದರ ಹಿಂಬದಿಯಲ್ಲಿ ಒಬ್ಬ ಟೀವಿ ಹಾಸ್ಯನಟನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡಿದ್ದ. ಅಲ್ಲಿಗೆ ಅಪ್ಪನ ಆಸೆ ಮುಗಿಯಿತು. ಮಗ ಪತ್ರಿಕೆ ಸೇರಿದ; ವಾರಕ್ಕೊಂದು ಸಿನಿಮಾ ಪುಟ ಅವನ ಪಾಲಿಗೆ ಬಂತು. ನಾಯಕ ನಾಯಕಿಯರ ಗೊಡವೆಗೆ ಅವನು ಹೆಚ್ಚು ಹೋದವನಲ್ಲ. ಒಂದೇ ದೃಶ್ಯದಲ್ಲಿ ಜಾರಿ ಬಿದ್ದು ಜನರನ್ನು ನಗಿಸಿ ಹೋದವನು ಆಮೇಲೆ ಏನಾದ, ಹೊಟ್ಟೆಗೆ ಏನು ಮಾಡಿದ ಎಂಬುದೇ ಅವನಿಗೆ ಹುಚ್ಚು.

ವಯಸ್ಸಾದ ಕಲಾವಿದರ ಬಗ್ಗೆ ಸಾವಿನ ಲೇಖನವನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಪತ್ರಿಕೆಯವರ ರೂಢಿ. ಸುದ್ದಿ ಬಂದ ದಿನ ತಾರೀಕು, ವಯಸ್ಸು ತುಂಬಿದರೆ ಆಯಿತು. ತಿಮ್ಮು ಮಾಸ್ತರದ್ದನ್ನು ಬರೆಯುವ ಕೆಲಸ ನಿತೇಶನಿಗೆ ಬಂದಿತ್ತು. ಉಳಿದವರಾದರೆ ಒಂದು ಫೋನಿನಲ್ಲಿ ಮುಗಿಸುತ್ತಿದ್ದರು. ಇವನು ಆರು ಸಲ ಶೆಟಗೇರಿಗೆ ಹೋದ.

ಆರನೆಯ ಸಲ ಮಾಸ್ತರು ಅವನನ್ನು ಹಿಡಿದರು.

"ಅಲ್ಲಾ ಮಾರಾಯಾ, ಆರು ಸಲ ಬಂದೆ. ಚಾ ಕುಡ್ದೆ, ಅವಲಕ್ಕಿ ತಿಂದೆ. ಪೇಪರಿನಲ್ಲಿ ಒಂದು ಸಾಲು ಕಾಣೋದಿಲ್ಲ. ಎಂತಾ ಕತೆ ನಿಂದು?"

ನಿತೇಶನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕಿವಿ ಕೆಂಪಾಯಿತು. "ಅದು ಈಗ ಬರೋದಲ್ಲ ಮಾಸ್ತರೆ. ಆಮೇಲೆ."

"ಆಮೇಲೆ ಅಂದ್ರೆ?"

ಹುಡುಗ ತಲೆ ತಗ್ಗಿಸಿದ. ಮಾಸ್ತರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬರ್ದಾಯ್ತಾ?"

"ಆಯ್ತು."

"ಹಂಗಾರೆ ಓದು, ಕೇಳ್ವಾ."

"ಬೇಡ ಮಾಸ್ತರೆ. ಬದುಕಿದ್ದವ್ರ ಎದ್ರು ಓದೂಕಾಗ್ದು."

"ಊರೆಲ್ಲಾ ಓದ್ತದೆ, ನಾನೊಬ್ಬ ಕೇಳೂಕಾಗ್ದಾ? ಇದೆಂತಾ ನ್ಯಾಯ?"

ನಿತೇಶ ನಕ್ಕುಬಿಟ್ಟ. "ಆ ದಿನ ಎಲ್ಲಿದ್ರೂ ಓಡಿ ಬತ್ತೆ. ನಿಮ್ಮ ತಲೆದೆಸೆಗೆ ಕೂತು ನಾನೇ ಓದ್ತೆ. ಸಾಕಾ?"

ಸಾಕಾಗಿರಲಿಲ್ಲ. ಜೀವಮಾನವಿಡೀ ಚಪ್ಪಾಳೆ ಕೇಳಿದ ಕಿವಿಗೆ, ತನ್ನ ಬಗ್ಗೆ ಬರೆದದ್ದನ್ನು ತಾನೊಬ್ಬನೇ ಕೇಳುವಂತಿಲ್ಲ ಎಂಬುದು ಒಪ್ಪಿಗೆಯಾಗದೆ ಮಾಸ್ತರ ನಿದ್ದೆ ಕೆಟ್ಟಿತು.

*

"ಆ ಹೆಂಗಸು ನಾನೇ," ಎಂದರು ತಿಮ್ಮು ಮಾಸ್ತರು.

ಯಾರಿಗೂ ಅರ್ಥವಾಗಲಿಲ್ಲ. ಮಾಸ್ತರು ನಿತೇಶನ ಮುಖ ನೋಡುತ್ತ ಅವನಿಗೇ ಹೇಳುವಂತೆ ಹೇಳಿದರು.

"ಹೆಂಗಸ್ರ ಪಾರ್ಟು ಮಾಡಿದ ಗಂಟಲು ನಂದು. ಅವನ ಮೊಬೈಲಿಗೆ ಮಾಡಿದ್ರೆ ದನಿ ಗುರ್ತು ಹಿಡೀತಿದ್ದ. ಅದ್ಕೇ ನಮ್ಮೂರ ನಾಗಮ್ಮನ ಅಂಗಡಿಯಿಂದ ಮನೆ ಫೋನಿಗೆ ಮಾಡ್ದೆ. ಅವ ಬತ್ತಾನೆ, ತಲೆದೆಸೆಗೆ ಕೂತು ಓದ್ತಾನೆ, ಓದಿ ಮುಗ್ದ ಕೂಡ್ಲೇ ಎದ್ದು ಕೂತ್ಕಂಡು, ಇಷ್ಟೇಯೇನೋ ಬರ್ದದ್ದು ಅಂತ ಕೇಳ್ವಾ ಅಂದ್ಕಂಡಿದ್ದೆ. ಮೂಗಿಗೆ ಹತ್ತಿ ಇಟ್ಕಂಡು ಚಾಪೆ ಮೇಲೆ ಮಲ್ಗಿದ್ದೆ. ಹೊತ್ತು ಮುಳುಗೂ ತನಕ ಮಲ್ಗೇ ಇದ್ದೆ. ನಗು ತಡ್ಕಂಡು ಮಲ್ಗಿದ್ದೆ. ಅವ ಬರ್ಲಿಲ್ಲ. ಇವತ್ತು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಪೇಪರು ನೋಡ್ದೆ."

ಅಂಗಳದಲ್ಲಿ ಐವತ್ತು ಜನ ಇದ್ದಿರಬಹುದು. ಇಂಥದ್ದಕ್ಕೆ ಬೈಯುವುದೋ, ಹೊಡೆಯುವುದೋ, ಎದೆ ಬಡಿದುಕೊಳ್ಳುವುದೋ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಮಾತಾಡಿದ್ದು ತಾಯಿ ಕಲಾವತಿ. ಹೆಂಗಸರ ನಡುವೆ ಕುಳಿತಿದ್ದವಳು ಗೋಡೆ ಹಿಡಿದು ಎದ್ದಳು.

"ನೀವಾ? ನಾನು ನಿಮ್ಗೆ ಸಮಾಧಾನ ಹೇಳಿದ್ನಲ್ಲಾ! ಅಳಬೇಡಿ ಅಕ್ಕಾ, ಅವನನ್ನ ಈಗ್ಲೇ ಕಳಿಸ್ತೆ ಅಂದ್ನಲ್ಲಾ. ಅವ ಉಂಡು ಹೋಗ್ತೆ ಆಯಿ ಅಂದ. ಸತ್ತ ಮನೆಗೆ ಹೋಗೂಕೆ ತಡ ಮಾಡಬಾರ್ದು ಅಂತ ನಾನೇ ಅವನ ತಾಟು ತೆಗ್ದೆ. ನಾನೇ ತೆಗ್ದೆ!"

ಅವಳು ಕುಸಿದಳು. ನಿತೇಶನ ಚಿಕ್ಕಪ್ಪನ ಮಗ ಗಣೇಶ ಮುಂದೆ ಹಾರಿ ಮಾಸ್ತರ ಕೊರಳಪಟ್ಟಿ ಹಿಡಿದ. ಮಾಸ್ತರು ಕೈ ಎತ್ತಲಿಲ್ಲ. ಹೊಡೆತ ಬಿದ್ದರೆ ಸಾಕು ಎಂಬಂತೆ ಕಣ್ಣು ಮುಚ್ಚಿ ನಿಂತರು.

"ಬಿಡು ಗಣೇಶ," ಎಂದರು ರಾಮನಾಥರು.

ಅವರು ಒಳಗೆ ಹೋದರು. ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ ಹಿಡಿದು ಹೊರಗೆ ಬಂದರು. ವಾಚು, ಮೊಬೈಲುಗಳನ್ನು ಸರಿಸಿ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ನಿತೇಶನ ಅಂಗಿ ಕಿಸೆಯಲ್ಲಿ ಸಿಕ್ಕಿದ್ದು. ಒಂದು ಮೂಲೆ ಕಪ್ಪಾಗಿ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರು. ಮಗನ ತಲೆದೆಸೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು.

"ಕೂತ್ಕೊಳ್ಳಿ ಮಾಸ್ತರೆ," ಎಂದರು. "ನಿಮ್ಗೆ ಇದನ್ನ ಕೇಳ್ಬೇಕಾಗಿತ್ತಲ್ಲಾ. ಕೇಳಿ."

"ಬೇಡ ರಾಮನಾಥರೇ. ಕಾಲು ಹಿಡೀತೆ. ನಂಗೆ ಬೇಡ."

"ಕೂತ್ಕೊಳ್ಳಿ."

ಮಾಸ್ತರು ನೆಲಕ್ಕೆ ಕುಳಿತರು. ರಾಮನಾಥರು ಓದತೊಡಗಿದರು. ಮಗ ಬರೆದದ್ದನ್ನು ಅವರು ಓದುತ್ತಿದ್ದುದು ಇದೇ ಮೊದಲು. ಫ್ಯಾಕ್ಟರಿಯ ನೋಟೀಸು ಓದುವವರಂತೆ, ಏರಿಳಿತವಿಲ್ಲದ ದನಿಯಲ್ಲಿ ಒಂದೊಂದೇ ಶಬ್ದ ಓದಿದರು.

"ಹಾರವಾಡದ ನಾಟಕವೊಂದರಲ್ಲಿ ರಾಜನ ಮೀಸೆ ಕಳಚಿ ಬಿತ್ತು. ಸೇವಕನ ಪಾತ್ರದಲ್ಲಿದ್ದ ತಿಮ್ಮು ಮಾಸ್ತರು ಅದನ್ನು ಹೆಕ್ಕಿ, ಪ್ರಭೂ, ತಮ್ಮ ಮರ್ಯಾದೆ ಕೆಳಗೆ ಬಿದ್ದಿತ್ತು ಎಂದು ಎರಡೂ ಕೈಯಲ್ಲಿ ಒಪ್ಪಿಸಿದರು. ರಾಜನಿಗೂ ನಗು ಬಂದು ಆ ರಾತ್ರಿ ಯುದ್ಧವೇ ನಡೆಯಲಿಲ್ಲ."

ಹಿಂದೆ ಯಾರೋ ನಕ್ಕರು. ನಕ್ಕವರು ಗಾಬರಿಯಿಂದ ಬಾಯಿ ಮುಚ್ಚಿಕೊಂಡರು. ದೀಪಾಲಿಗೂ ಗಂಟಲವರೆಗೆ ನಗು ಬಂದಿತ್ತು. ಅಣ್ಣ ಊಟಕ್ಕೆ ಕುಳಿತಾಗ ಹೀಗೇ ಹೇಳಿ ನಗಿಸುತ್ತಿದ್ದ. ಅದು ನೆನಪಾಗಿ ಅವಳು ಸೆರಗಿನಲ್ಲಿ ಮುಖ ಮುಚ್ಚಿ ಜೋರಾಗಿ ಅತ್ತುಬಿಟ್ಟಳು. ರಾಮನಾಥರು ನಿಲ್ಲಿಸಲಿಲ್ಲ. ನಾಟಕ ಮುಗಿಯಿತು, ಸಿನಿಮಾ ಮುಗಿಯಿತು. ಮಾಸ್ತರ ಹೆಂಡತಿ ತೀರಿಕೊಂಡ ದಿನವೂ ಅವರು ಬಣ್ಣ ಹಚ್ಚಿದ್ದು ಬಂತು. ಮಾಸ್ತರು ಮುಖ ತಗ್ಗಿಸಿ ಎರಡೂ ಕೈಯಿಂದ ನೆಲವನ್ನು ಒತ್ತಿ ಹಿಡಿದಿದ್ದರು.

ಕೊನೆಯ ಭಾಗಕ್ಕೆ ಬಂದು ರಾಮನಾಥರು ತಡೆದರು.

"ಅವರಿಗೆ..." ಎಂದರು.

ಅಲ್ಲಿ ವಯಸ್ಸು ತುಂಬಲು ಜಾಗ ಖಾಲಿ ಬಿಟ್ಟಿತ್ತು.

"ಅವರಿಗೆ..." ಎಂದು ಮತ್ತೊಮ್ಮೆ ಓದಿದರು.

ಮಾತು ಮರೆತ ಪಾತ್ರಧಾರಿಗೆ ಪರದೆಯ ಹಿಂದಿನಿಂದ ಹೇಳಿಕೊಟ್ಟೇ ರೂಢಿಯಾದ ಮಾಸ್ತರು, ತಮಗೇ ತಿಳಿಯದಂತೆ ಪಿಸುಗುಟ್ಟಿದರು: "ಎಪ್ಪತ್ತೆಂಟು."

ರಾಮನಾಥರು ಅವರತ್ತ ನೋಡಲಿಲ್ಲ. ಎಡಗೈಯನ್ನು ಮಗನ ಕೂದಲ ಮೇಲೆ ಇಟ್ಟರು.

"ಅವರಿಗೆ ಇಪ್ಪತ್ತಾರು ವರ್ಷ ವಯಸ್ಸಾಗಿತ್ತು," ಎಂದು ಅದೇ ದನಿಯಲ್ಲಿ ಓದಿದರು. "ತಂದೆ, ತಾಯಿ ಮತ್ತು ಒಬ್ಬ ತಂಗಿಯನ್ನು ಅಗಲಿದ್ದಾರೆ."