ರೂಲಾಂಡನ ಬಡಿತ

ಲೆಂಬೆ ಜಲಸಂಧಿಯಲ್ಲಿ ನನ್ನ ಕಣ್ಣಿಗೆ ಸಮನಾದ ಕಣ್ಣು ಇನ್ನೊಂದಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಮೀನುಗಳೇ ಹೇಳುತ್ತವೆ. ಅಕ್ಕಿಕಾಳಿನಷ್ಟು ಸೀಗಡಿಯ ಬೆನ್ನ ಮೇಲೆ ಕೂತಿದ್ದ ಹೇನನ್ನು ದೋಣಿಯಲ್ಲಿ ಬಾಳೆಹಣ್ಣು ಸುಲಿಯುತ್ತಲೇ ಕಂಡವನು ನಾನು. ಆ ಹೇನು ಬಸುರಿ ಎಂಬುದೂ ಗೊತ್ತಾಗಿತ್ತು. ಅಂಗೈಯಗಲದ ಕ್ಯಾಮೆರಾಗಳನ್ನು ಪ್ಲಾಸ್ಟಿಕ್ ಚಿಪ್ಪಿನಲ್ಲಿ ಭದ್ರ ಮಾಡಿಕೊಂಡು ದೇಶದೇಶಗಳಿಂದ ಇಲ್ಲಿಗೆ ಬರುವವರಿಗೆ ಹವಳ ಬೇಡ, ತಿಮಿಂಗಿಲ ಬೇಡ. ಕಪ್ಪು ಮರಳಿನಲ್ಲಿ, ಒಡೆದ ಬಾಟಲಿ, ಹಳೇ ಟೈರುಗಳ ನಡುವೆ ಅಡಗಿ ಕೂತ ಉಗುರಿನಷ್ಟು ಜೀವಗಳು ಬೇಕು. ಹುಡುಕಿಕೊಡುವವರು ನಾವು, ದಡದ ಬಿತುಂಗ್ ಊರಿನ ಗೈಡುಗಳು. ನಮ್ಮಲ್ಲಿ ಮೊದಲನೆಯವನು ನಾನು, ನೋಲ್ಡಿ ಕೌನಾಂಗ್. ಎರಡನೆಯವನೂ ನಾನೇ. ಮೂರನೆಯವನು ರೂಲಾಂಡ್ ಅಂತ ಒಬ್ಬನಿದ್ದ, ಹೋಗಿಬಿಟ್ಟ. ಅವನು ಬದುಕಿದ್ದಾಗ ಈ ಲೆಕ್ಕ ತುಸು ಬೇರೆ ಇತ್ತು, ಈಗ ಅದನ್ನು ಕೆದಕುವುದು ಬೇಡ.

ನೀರಿನಡಿ ಬಾಯಿ ನಡೆಯುವುದಿಲ್ಲ. ನನ್ನಂಥವನಿಗೆ ಅದೊಂದು ಶಿಕ್ಷೆ. ಜೀವ ಕಂಡರೆ ಕೈಯಲ್ಲಿರುವ ಉಕ್ಕಿನ ಕಡ್ಡಿಯಿಂದ ಬೆನ್ನ ಮೇಲಿನ ಸಿಲಿಂಡರಿಗೆ ಬಡಿಯುತ್ತೇವೆ. ಒಬ್ಬೊಬ್ಬ ಗೈಡಿಗೆ ಒಂದೊಂದು ಬಡಿತ. ನನ್ನದು ನಾಲ್ಕು, ಒಂದರ ಬಾಲ ಒಂದು ಹಿಡಿದು ಓಡುವಂಥವು. ರೂಲಾಂಡನದು ಐದು: ಎರಡು ನಿಧಾನ, ಮೂರು ಬೇಗ. ನೀರಿನೊಳಗೆ ಶಬ್ದಕ್ಕೆ ದಿಕ್ಕಿರುವುದಿಲ್ಲ. ಎಡದಿಂದ ಬಂತೋ, ಪಾತಾಳದಿಂದ ಬಂತೋ, ನಿಮ್ಮ ತಲೆಬುರುಡೆಯಿಂದಲೇ ಬಂತೋ ತಿಳಿಯದು. ಯಾರು ಕರೆದರೆಂಬುದನ್ನು ಬಡಿತ ಹೇಳುತ್ತದೆ, ಎಲ್ಲಿಂದ ಕರೆದರೆಂಬುದಕ್ಕೆ ಗುಳ್ಳೆಗಳ ಸಾಲು ಎಲ್ಲಿ ಏಳುತ್ತಿದೆಯೆಂದು ಹುಡುಕಬೇಕು.

ಗೈಡ್ ಸತ್ತರೆ ಅವನ ಬಡಿತವನ್ನು ಮುಚ್ಚುತ್ತೇವೆ. ಪಾದ್ರಿಯ ಪ್ರಾರ್ಥನೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಖಾಲಿ ಸಿಲಿಂಡರ್ ನಿಲ್ಲಿಸಿ, ಎಲ್ಲರೂ ಸರದಿಯಲ್ಲಿ ಆ ಬಡಿತವನ್ನು ಒಂದೊಂದು ಸಲ ಬಡಿಯುತ್ತೇವೆ. ಅಲ್ಲಿಗೆ ಮುಗಿಯಿತು. ಆಮೇಲೆ ತಮಾಷೆಗೂ, ಕುಡಿದಾಗಲೂ, ಕನಸಿನಲ್ಲೂ ಅದನ್ನು ಯಾರೂ ಬಡಿಯುವಂತಿಲ್ಲ. ರೂಲಾಂಡನದನ್ನು ಮುಚ್ಚಿ ಮೂರು ವರ್ಷವಾಗಿತ್ತು. ಹಳೇ ಧಕ್ಕೆಯ ಇಳಿಜಾರಿನಲ್ಲಿ ಲಂಗರಿನ ಹಗ್ಗ ಬಿಡಿಸಲು ಒಬ್ಬನೇ ಇಳಿದವನನ್ನು ಕೆಳಸೆಳೆತ ಎಳೆದುಕೊಂಡಿತು. ಹೆಣ ಸಿಗಲಿಲ್ಲ.

ಅವನ ಹೆಂಡತಿ ಮೈಸ್ಕೆ, ನಾವು ದುಡಿಯುವ ಓಲ್ವಿ ಅಕ್ಕನ ವಸತಿಗೃಹದಲ್ಲಿ ಅಡುಗೆಯವಳು. ಆಕೆ ಮೆಣಸಿನ ಗೊಜ್ಜು ಅರೆದರೆ ಎದುರು ದಡದ ದ್ವೀಪದಲ್ಲಿ ಜನ ಸೀನುತ್ತಾರೆ. ಗಂಡ ಬದುಕಿದ್ದಾಗಲೇ ಮನೆಯೆದುರಿನ ತಿಳಿನೀರಿನಲ್ಲಿ ಆಕೆಗೆ ಮುಳುಗುವುದನ್ನು ಕಲಿಸಿದ್ದ. ಒಂದು ಬೆಳಿಗ್ಗೆ ಆಕೆ ಸೌಟು ಕೆಳಗಿಟ್ಟು, ತಾನೂ ಗೈಡ್ ಆಗುತ್ತೇನೆಂದಳು.

"ನೀನು ಮೀನು ಹುರಿಯೋದ್ರಲ್ಲಿ ರಾಣಿ ಕಣೇ," ಎಂದಳು ಓಲ್ವಿ ಅಕ್ಕ. "ಹುಡುಕೋದು ಬೇರೆ ವಿದ್ಯೆ."

"ಹುಡುಕ್ದೆ ಹುರಿಯೋಕಾಗುತ್ತಾ ಅಕ್ಕಾ?"

"ಬಾಯಿಗೇನ್ ಕಮ್ಮಿ ಇಲ್ಲ. ಸರಿ, ಇವತ್ತು ಸಂಜೆಯೊಳಗೆ ನೀಲಿ ಬಳೆ ಆಕ್ಟೋಪಸ್‌ದು ಒಂದು ಫೋಟೋ ತಂದ್ಕೊಡು, ನಮ್ಮ ಹಳೇ ಪುಟ್ಟ ಕ್ಯಾಮೆರಾದಲ್ಲೇ. ತಂದ್ರೆ ನಾಳೆಯಿಂದ ಗೈಡು. ಇಲ್ಲಾಂದ್ರೆ ಒಲೆ ಮುಂದೆ, ಮತ್ತೆ ಈ ಮಾತು ಎತ್ತಬಾರ್ದು. ನೋಲ್ಡಿ ಹಿಂದೆ ಬರ್ತಾನೆ. ಏಯ್ ನೋಲ್ಡಿ, ನೀನು ಕಡ್ಡಿ ಮುಟ್ಟಬಾರ್ದು, ಕೈ ತೋರಿಸ್ಬಾರ್ದು, ಗೊತ್ತಾಯ್ತಾ?"

"ಕಣ್ಣು ಮುಚ್ಕೊಂಡೇ ಮುಳುಗ್ತೀನಿ ಅಕ್ಕಾ. ಆದ್ರೂ ನಂಗೆ ಕಾಣುತ್ತೆ, ಏನ್ಮಾಡ್ಲಿ."

ದೋಣಿ ನಡೆಸುವ ಬೂಚೆ ಮುದುಕ ಎಲ್ಲಿಗೆಂದು ಕೇಳಿದ. ಹಳೇ ಧಕ್ಕೆಗೆ ಎಂದಳು ಮೈಸ್ಕೆ. ಅವನು ಇಂಜಿನ್ನಿನ ಹಗ್ಗ ಎಳೆಯದೆ ಹಾಗೇ ಕೂತ.

"ಬೇರೆ ಜಾಗ ಇಲ್ವೇನಮ್ಮಾ?"

"ಅದು ಅಲ್ಲೇ ಇರುತ್ತೆ ಮಾವ. ರೂಲಾಂಡ್ ಯಾವಾಗ್ಲೂ ಹೇಳ್ತಿದ್ದ."

ಆ ದಿನ ಆಕಾಶ ಬೂದಿಬಣ್ಣ. ಎಂಟು ಮಾರು ಇಳಿಯುವಷ್ಟರಲ್ಲಿ ಬೆಳಕು ಸತ್ತಿತು. ಕಪ್ಪು ಮರಳಿನ ಮೇಲೆ ತೇಲುವುದೆಂದರೆ ಆರಿದ ಒಲೆಯೊಳಗೆ ಹಾರಿದ ಹಾಗೆ. ಮೈಸ್ಕೆಯ ಕ್ಯಾಮೆರಾದ ಮೂತಿಯಲ್ಲಿದ್ದ ಕೆಂಪು ದೀಪ ಮುಂದೆ ಮುಂದೆ ನೆಲ ನೆಕ್ಕುತ್ತಾ ಹೋಗುತ್ತಿತ್ತು. ನಾನು ಇಪ್ಪತ್ತು ಮಾರು ಹಿಂದೆ. ಹುಡುಗಿ ಚೆನ್ನಾಗಿಯೇ ಹುಡುಕುತ್ತಿದ್ದಳು, ಕಾಲಿನ ರಬ್ಬರ್ ರೆಕ್ಕೆಯಿಂದ ಕೆಸರೆಬ್ಬಿಸಲಿಲ್ಲ, ಉಸಿರು ಪೋಲು ಮಾಡಲಿಲ್ಲ. ಆದರೆ ಅರ್ಧ ಗಾಳಿ ಮುಗಿದರೂ ನೀಲಿ ಬಳೆ ಸಿಗಲಿಲ್ಲ. ನನಗೋ, ಇಳಿದ ಮೂರನೇ ನಿಮಿಷಕ್ಕೇ ಸಿಕ್ಕಿತ್ತು. ಮುಳುಗಿದ ಒಂದು ಮೀನುದೋಣಿಯ ಪಕ್ಕ, ಒಡೆದ ತೆಂಗಿನ ಚಿಪ್ಪಿನಲ್ಲಿ, ನನ್ನ ಹೆಬ್ಬೆರಳಿನಷ್ಟು ಆಕ್ಟೋಪಸ್ ಕಾಲು ಮಡಚಿ ಕೂತಿತ್ತು. ಮೈಸ್ಕೆ ಸುತ್ತಿ ಸುತ್ತಿ ಅದರ ಪಕ್ಕದಲ್ಲೇ ದಾಟಿ ಹೋಗಿದ್ದಳು.

ಒಲೆ ಮುಂದೆ ಮತ್ತೆ ಕೂರುವ ಆಕೆಯ ಮುಖ ನನ್ನ ಕಣ್ಣ ಮುಂದೆ ಬಂತು. ಒಂದು ಕರೆ, ಒಂದೇ ಒಂದು, ಸಾಕಿತ್ತು. ನನ್ನ ನಾಲ್ಕು ಬಡಿದರೆ ನಾನೇ ತೋರಿಸಿದ್ದೆಂದು ತಿಳಿದುಬಿಡುತ್ತಾಳೆ. ಆಕೆಯ ಜಂಬ ನನ್ನ ಜಂಬಕ್ಕಿಂತ ಒಂದು ಗೇಣು ಎತ್ತರ, ಆ ಫೋಟೋವನ್ನು ಮುಟ್ಟುವವಳಲ್ಲ. ಬೇರೆ ಗೈಡಿನ ಬಡಿತ ಬಡಿದರೆ ಸಂಜೆ ಅವನನ್ನೇ ಹೋಗಿ ಕೇಳುತ್ತಾಳೆ. ಕೇಳಲಾಗದ ಗೈಡ್ ಒಬ್ಬನೇ ಇದ್ದ. ಅಲ್ಲದೆ, ಗಂಡನೇ ದಾರಿ ತೋರಿದನೆಂದುಕೊಂಡರೆ ಬಡಪಾಯಿಗೆ ಸಂತೋಷವೇ ಆದೀತು. ನನ್ನ ತಲೆ ಎಷ್ಟು ಚುರುಕು ಅಂತೀರಿ! ಮೀನುದೋಣಿಯ ಹೊಟ್ಟೆಯಡಿ ನುಸುಳಿದೆ. ಅಲ್ಲಿ ನನ್ನ ಗುಳ್ಳೆಗಳು ಹಲಗೆಗೆ ಬಡಿದು ಚೂರುಚೂರಾಗಿ ಎಲ್ಲೆಲ್ಲೋ ಸೋರಿಹೋಗುತ್ತವೆ, ಸಾಲು ಕಾಣುವುದಿಲ್ಲ. ಕಡ್ಡಿ ತೆಗೆದು ಬಡಿದೆ. ಎರಡು ನಿಧಾನ, ಮೂರು ಬೇಗ.

ಕೆಂಪು ದೀಪ ನಿಂತಿತು.

ಮತ್ತೊಮ್ಮೆ ಬಡಿದೆ. ದೀಪ ಒಂದು ಸುತ್ತು ತಿರುಗಿತು. ಆಕೆ ಗುಳ್ಳೆಯ ಸಾಲಿಗಾಗಿ ನಾಲ್ಕೂ ಕಡೆ ಹುಡುಕುತ್ತಿದ್ದಳು. ಎಲ್ಲೂ ಕಾಣದಾಗ, ಇನ್ನೂ ನೋಡದೆ ಉಳಿದ ಒಂದೇ ಕಡೆಗೆ ಮುಖ ಮಾಡಿದಳು. ಕೆಳಕ್ಕೆ. ಗಂಡ ಹೋದ ಕಡೆಗೆ.

ನಾನು ಹೊರಗೆ ಬರುವಷ್ಟರಲ್ಲಿ ಆ ದೀಪ ಬೀಡಿಯ ಕಿಡಿಯಷ್ಟಾಗಿತ್ತು. ನನ್ನ ನಾಲ್ಕು ಬಡಿದೆ, ಸಿಲಿಂಡರ್ ಸೀಳುವ ಹಾಗೆ ಬಡಿದೆ. ತಿರುಗಲಿಲ್ಲ. ಕಡ್ಡಿಯನ್ನು ತೋಳಿನ ಪಟ್ಟಿಗೆ ಸಿಕ್ಕಿಸಿ, ಎರಡು ಕೈಯೂ ಬೀಸಿ ಇಳಿಜಾರಿಗೆ ಬಿದ್ದೆ. ಮೂವತ್ತು ಮೀಟರ್. ಮೂವತ್ತೆಂಟು. ಮಣಿಕಟ್ಟಿನ ಆಳಮಾಪಕ ಕಿರುಚಾಡುತ್ತಿತ್ತು. ಆಗ ಕೇಳಿತು.

ಎರಡು ನಿಧಾನ. ಮೂರು ಬೇಗ. ಸ್ವಲ್ಪ ತಡೆದು, ಇನ್ನೊಂದು.

ನನ್ನ ಕಡ್ಡಿ ತೋಳಿನಲ್ಲೇ ಇತ್ತು. ಮುಟ್ಟಿ ನೋಡಿಕೊಂಡೆ. ಮುಟ್ಟಿರುವಾಗಲೇ ಮತ್ತೆ ಕೇಳಿತು. ನನ್ನ ಎಲ್ಲ ಹಲ್ಲುಗಳಲ್ಲೂ ಕೇಳಿತು. ಆಳದಲ್ಲಿ ಗಾಳಿಯೇ ಹೆಂಡವಾಗುತ್ತದೆ, ಅಮಲೇರುತ್ತದೆ, ಇಲ್ಲದ್ದೆಲ್ಲ ಕೇಳುತ್ತದೆ ಎಂದು ಹೊಸಬರಿಗೆ ಪಾಠ ಹೇಳುವವನು ನಾನೇ. ಆದರೆ ಅಮಲಿಗೆ ಎಣಿಸಲು ಬರುವುದಿಲ್ಲ. ನಾನು ಎಣಿಸಿದೆ. ರೂಲಾಂಡನ ಬಡಿತ ಐದು. ಇವು ಆರು.

ನಲವತ್ತು ಮೀಟರ್ ದಾಟಿದರೆ ಆ ಕ್ಯಾಮೆರಾದ ಚಿಪ್ಪು ನೀರಿನ ಭಾರ ತಡೆಯುವುದಿಲ್ಲ, ಗುಂಡಿಗಳು ತಾವಾಗಿ ಒಳಕ್ಕೆ ಒತ್ತಿಕೊಳ್ಳುತ್ತವೆ. ಹಾಗೇ ಆಯಿತು. ಯಾರೂ ಒತ್ತದೆ ಕ್ಯಾಮೆರಾ ಮಿಂಚು ಹೊಡೆಯತೊಡಗಿತು. ಕತ್ತಲು, ಮಿಂಚು, ಕತ್ತಲು. ಒಂದು ಮಿಂಚಿನಲ್ಲಿ ಆಕೆ ತಲೆ ಕೆಳಗಾಗಿ ಇಳಿಯುತ್ತಿದ್ದಳು. ಮುಂದಿನದರಲ್ಲಿ ನಿಂತಿದ್ದಳು. ಮತ್ತೊಂದರಲ್ಲಿ ಆಕೆಯ ಮುಖ ನನ್ನ ಮುಖದ ಎದುರಿಗಿತ್ತು, ಕಣ್ಣು ಅಗಲವಾಗಿ ತೆರೆದಿತ್ತು. ನಾನು ಆಕೆಯ ತೋಳು ಹಿಡಿದು, ಎತ್ತಿನಂತೆ ಎಳೆದು, ಸಾವಿನ ಬಾಯಿಂದ ಕಿತ್ತು ತಂದೆ.

ಐದು ಮೀಟರಿನಲ್ಲಿ ಲಂಗರಿನ ಹಗ್ಗ ಹಿಡಿದು, ರಕ್ತದೊಳಗಿನ ಗಾಳಿ ಇಳಿಯಲೆಂದು ಬಹಳ ಹೊತ್ತು ನೇತಾಡಿದೆವು. ಇಬ್ಬರೂ ಕೆಳಗೆ ನೋಡಲಿಲ್ಲ.

ದೋಣಿ ಹತ್ತಿದ ಮೇಲೆ ಬೂಚೆ ಬಿಸಿ ಶುಂಠಿನೀರು ಕೊಟ್ಟ. ಮೈಸ್ಕೆ ಲೋಟವನ್ನು ಕೈಯಲ್ಲಿ ಹಿಡಿದೇ ಕೂತಳು.

"ಅವನು ಕರೀತಿದಾನೆ," ಎಂದಳು. "ಆಮೇಲೆ ಮತ್ತೆ ಇಳೀತೀನಿ."

ಬೂಚೆ ಶಿಲುಬೆಯ ಗುರುತು ಮಾಡಿಕೊಂಡ. ನಾನು ಲೋಟ ಕೆಳಗಿಟ್ಟು ಬಾಯಿ ಬಿಟ್ಟೆ.

"ಅವನಲ್ಲ. ನಾನು ಬಡ್ದಿದ್ದು."

ಆಕೆ ನನ್ನತ್ತ ನೋಡಿದಳು. ಸಣ್ಣದಾಗಿ ನಕ್ಕಳು ಕೂಡ. "ಸಾಕು ಸುಮ್ನಿರು ನೋಲ್ಡಿ. ಹೋದ ವರ್ಷ ಭೂಕಂಪ ಆದಾಗ್ಲೂ ನಾನೇ ಜೋರಾಗಿ ಹೆಜ್ಜೆ ಇಟ್ಟಿದ್ದು ಅಂದವ್ನು ನೀನು."

"ಮೀನುದೋಣಿ ಕೆಳಗೆ ಕೂತು ಬಡ್ದೆ ಮೈಸ್ಕೆ. ನಿಂಗೆ ಆಕ್ಟೋಪಸ್ ತೋರಿಸ್ಬೇಕು ಅಂತ. ನಮ್ಮಮ್ಮನಾಣೆ."

"ಅವರಮ್ಮ ಹೋಗಿ ಹತ್ತು ವರ್ಷ ಆಯ್ತು," ಎಂದ ಬೂಚೆ. "ಆ ಆಣೆ ಈಗ ಸಿಪ್ಪೆ, ಎಲ್ಲದಕ್ಕೂ ಇಟ್ಟು ಇಟ್ಟು."

"ನೀನು ಸುಳ್ಳುಗಾರ," ಎಂದಳು ಮೈಸ್ಕೆ. "ಆದ್ರೆ ಮುಚ್ಚಿದ ಬಡಿತ ಬಡಿಯೋವಷ್ಟು ಪಾಪಿ ಅಲ್ಲ. ನನ್ನ ಗಂಡನ ಕರೆಯನ್ನೂ ನಂದೇ ಅನ್ಬೇಡ."

ನಲವತ್ತು ವರ್ಷ ನಾನು ಹೇಳಿದ್ದನ್ನೆಲ್ಲ ಜನ ಅರ್ಧವಾದರೂ ನಂಬಿದ್ದರು. ನಂಬಲೇಬೇಕಾದ ಒಂದು ಮಾತಿಗೆ ಗಿರಾಕಿಯೇ ಇಲ್ಲ. ಆಕೆಯ ಕಣ್ಣು ಆಗಲೇ ನೀರಿನ ಮೇಲಿತ್ತು. ಇನ್ನೊಂದು ಸಲ ಇಳಿದರೆ ನಿಲ್ಲುವವಳಲ್ಲ ಎಂದು ನನಗೆ ಸ್ಪಷ್ಟವಾಗಿ ಕಂಡಿತು. ಕಡ್ಡಿ ಎಳೆದು, ಹಗಲಿನಲ್ಲಿ, ಇಬ್ಬರು ಸಾಕ್ಷಿಗಳ ಮುಂದೆ, ಸಿಲಿಂಡರಿಗೆ ಬಡಿದೆ. ಎರಡು ನಿಧಾನ, ಮೂರು ಬೇಗ.

ಬೂಚೆಯ ಕೈಯಿಂದ ಲೋಟ ಬಿತ್ತು. "ಅಯ್ಯೋ ಹಾಳಾದವ್ನೇ!"

ಮೈಸ್ಕೆ ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡೆ. ಆಕೆ ತಲೆ ವಾಲಿಸಿ ಕೇಳಿಸಿಕೊಂಡಳು.

"ಇಷ್ಟೇನಾ ನೀನು ಬಡ್ದಿದ್ದು? ಐದು?"

"ಐದು. ಎರಡು ಸಲ."

"ಕೆಳಗೆ?"

ಕಡ್ಡಿಯನ್ನು ಪಕ್ಕಕ್ಕಿಟ್ಟೆ. "ಕೆಳಗೆ ನಾನು ಕಡ್ಡಿ ಮುಟ್ಲಿಲ್ಲ. ಅಲ್ಲಿ ಆರು ಇತ್ತು."

ಆಕೆ ನನ್ನ ಹತ್ತಿರಕ್ಕೆ ಸರಿದು ಕೂತಳು. ಆಮೇಲೆ ಬೂಚೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು: "ಮನೆ ಮುಂದೆ ಕಲಿಸ್ತಿದ್ನಲ್ಲ, ನಾನು ಹುಮ್ಮಸ್ಸಲ್ಲಿ ಆಳಕ್ಕೆ ಹೋದ್ರೆ ತನ್ನ ಬಡಿತ ಬಡ್ದು, ಆಮೇಲೆ ಒಂದು ಸೇರಿಸ್ತಿದ್ದ. ಸಾಕು, ಹತ್ತು ಮೇಲೆ, ಅಂತ. ಅದು ನಮ್ಮಿಬ್ರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಿನ್ನ ಐದು ಕೇಳಿ ಇಳ್ದೆ. ಆರು ಕೇಳಿ ತಿರುಗ್ದೆ. ನೀನು ನನ್ನ ಎಳೀಲಿಲ್ಲ ನೋಲ್ಡಿ. ನೀನು ಬಂದಾಗ ನಾನು ಮೇಲಕ್ಕೇ ಬರ್ತಿದ್ದೆ."

ಅದು ನಿಜ. ಎತ್ತಿನಂತೆ ಎಳೆದೆ ಎಂದೆನಲ್ಲ, ಅದನ್ನು ಬಿಟ್ಟುಬಿಡಿ.

ಕ್ಯಾಮೆರಾ ಒರೆಸಿ ಇಬ್ಬರೂ ಪುಟ್ಟ ಪರದೆಯ ಮೇಲೆ ಬಾಗಿದೆವು. ತಾನಾಗಿ ತೆಗೆದುಕೊಂಡ ಚಿತ್ರ ಒಂಬತ್ತು. ಎಂಟರಲ್ಲಿ ಬರೀ ಮಸಿ, ತೇಲುವ ದೂಳು. ಕೊನೆಯದರಲ್ಲಿ, ಕ್ಯಾಮೆರಾ ದಾರದಲ್ಲಿ ಕೆಳಕ್ಕೆ ಜೋತುಬಿದ್ದು ಮೇಲಕ್ಕೆ ನೋಡಿತ್ತು. ಆಕೆ ಇದ್ದಳು, ಆಕೆಯ ತೋಳು ಹಿಡಿದ ನಾನಿದ್ದೆ. ಮಿಂಚಿನ ಬೆಳಕಿಗೆ ಬೆಳ್ಳಿಯಾದ ಗುಳ್ಳೆಗಳ ಸಾಲು ನೆಟ್ಟಗೆ ಮೇಲೇರುತ್ತಿತ್ತು. ಆಕೆಯದೊಂದು. ನನ್ನದೊಂದು. ನಮ್ಮಿಬ್ಬರಿಂದ ಒಂದು ಮಾರು ಈಚೆಗೆ, ಚಿತ್ರದ ಕೆಳಗಂಚಿನಿಂದ ಎದ್ದು, ನಿಧಾನ ಉಸಿರಿನವನ ದಪ್ಪ ದಪ್ಪ ಗುಳ್ಳೆಗಳ ಇನ್ನೊಂದು ಸಾಲು.

ನಾನು ಹಿಗ್ಗಿಸಿ ನೋಡಿದೆ, ಕುಗ್ಗಿಸಿ ನೋಡಿದೆ. ಮೂರೇ.

"ಇದನ್ನ ಇಟ್ಕೋ," ಎಂದೆ. ಆಸೆ ನೋಡಿ. "ಇಲ್ಲಾ ನಂಗೆ ಕೊಡು. ನನ್ನ ಜನ್ಮದಲ್ಲಿ ಒಂದು ಸಲ ಸಾಕ್ಷಿ ಸಮೇತ ಸಿಕ್ಕಿದೆ ಕಣೇ."

ಮೈಸ್ಕೆ ಪರದೆಗೆ ಹೆಬ್ಬೆರಳು ಒತ್ತಿ, ಆ ಸಾಲಿನ ಮೇಲೆ ಒಂದು ಸಲ ಕೆಳಗಿನಿಂದ ಮೇಲಕ್ಕೆ ಸವರಿದಳು.

"ಇದಿದ್ರೆ ದಿನಾ ನೋಡ್ತೀನಿ. ದಿನಾ ನೋಡಿದ್ರೆ ಒಂದಿನ ಇಳೀತೀನಿ. ಅವನು ಮೇಲೆ ಹತ್ತು ಅಂದಿದಾನೆ."

ಒಂಬತ್ತನ್ನೂ ಅಳಿಸಿದಳು. ಒಂದೊಂದಾಗಿ, ಕೊನೆಯದನ್ನು ಕೊನೆಗೆ.

ಮತ್ತೆ ಮುಳುಗುವ ಮುನ್ನ ರಕ್ತದ ಗಾಳಿ ಪೂರ್ತಿ ಇಳಿಯಲೆಂದು ಮೂರು ಗಂಟೆ ಕಾದೆವು. ಹೊಗೆಮೀನು, ಹುರಿದ ಬಾಳೆಕಾಯಿ ತಿಂದೆವು. ಬೂಚೆ ನನ್ನ ಜೊತೆ ಮಾತು ಬಿಟ್ಟಿದ್ದ. ಆಮೇಲೆ ಆಕೆ ಕ್ಯಾಮೆರಾದ ಚಿಪ್ಪಿನ ರಬ್ಬರ್ ಬಳೆಯ ಮೇಲೆ ಒಂದು ಕೂದಲೂ ಉಳಿಯದಂತೆ ಒರೆಸಿ ಮುಚ್ಚಿದಳು. "ಕಡ್ಡಿ ದೋಣಿಯಲ್ಲೇ ಬಿಡು," ಎಂದಳು. ಬಿಟ್ಟೆ. ಅದೇ ಇಳಿಜಾರಿಗೆ ಇಳಿದೆವು, ಹತ್ತು ಮೀಟರಿನಿಂದ ಒಂದು ಅಂಗುಲ ಕೆಳಗೆ ಹೋಗಲಿಲ್ಲ. ನನ್ನ ತೆಂಗಿನ ಚಿಪ್ಪಿನ ಆಕ್ಟೋಪಸ್ ಆ ಆಳಕ್ಕಿಂತ ಕೆಳಗಿತ್ತು, ಅದರ ಸುದ್ದಿಗೇ ಹೋಗಲಿಲ್ಲ. ಇಪ್ಪತ್ತೈದನೇ ನಿಮಿಷಕ್ಕೆ ಆಕೆ ಒಂದು ತುಕ್ಕು ಡಬ್ಬಿಯ ಮುಂದೆ ಹೊಟ್ಟೆಯ ಮೇಲೆ ಮಲಗಿದಳು. ಅದರೊಳಗಿಂದ ಎದ್ದುಬಂದ ಜೀವದ ಮೈತುಂಬ ಉಂಗುರಗಳು ಭಗ್ಗನೆ ನೀಲಿಯಾಗಿ ಹೊತ್ತಿಕೊಂಡವು. ನಾನು ಅದನ್ನು ಕಂಡಿರಲಿಲ್ಲ. ಆಣೆಯಿಡಲು ನನಗೀಗ ಏನೂ ಉಳಿದಿಲ್ಲ, ಆದರೂ ಹೇಳುತ್ತೇನೆ, ಕಂಡಿರಲೇ ಇಲ್ಲ. ಆ ಇಡೀ ಹೊತ್ತು ನಾನು ಕಿವಿಯಷ್ಟೇ ಆಗಿದ್ದೆ.

ಸಂಜೆ ಓಲ್ವಿ ಅಕ್ಕ ಫೋಟೋ ನೋಡಿ, ಮೈಸ್ಕೆಯ ಬೆನ್ನಿಗೊಂದು ಗುದ್ದು ಕೊಟ್ಟು, ನಾಳೆಯಿಂದ ಅಡುಗೆಗೆ ಯಾರನ್ನು ಹುಡುಕಲಿ ಎಂದು ಗೊಣಗಿದಳು. ಆಮೇಲೆ ನನ್ನ ಮುಖ ನೋಡಿದಳು.

"ನೀನ್ಯಾಕೋ ಸುಮ್ನಿದೀಯ? ಕೆಳಗೆ ಏನಾದ್ರೂ ಆಯ್ತಾ?"

"ಏನೂ ಆಗ್ಲಿಲ್ಲ ಅಕ್ಕಾ," ಎಂದೆ.

ಆಕೆ ತಕ್ಷಣ ನಂಬಿದಳು.