ಯಾರೂ ಕೇಳದ ಸಾಮಾನು

ಬಾಗಿಲು ತೆರೆದ ಅಂಜುಮಳ ಕಣ್ಣು ನನ್ನ ಮುಖದ ಮೇಲೆ ನಿಲ್ಲಲಿಲ್ಲ. ನೇರ ನಾನು ಹೊದ್ದ ಶಾಲಿನ ಮೇಲೆ ಹೋಯಿತು.

"ಬರ್ರಿ ಭಾಭಿ," ಎಂದಳು. ಸ್ವಲ್ಪ ತಡವಾಗಿ ಎಂದಳು.

ನಾನು ಔರಾದದಿಂದ ಬಸ್ಸಿನಲ್ಲಿ ಬೀದರಿಗೆ ಬಂದಿದ್ದೆ. ಅವಳ ಗಂಡ ಮಕ್ಸೂದ ಮತ್ತು ನನ್ನ ಗಂಡ ಜ್ಞಾನೇಶ್ವರ ಒಂದೇ ಪ್ರವಾಸಿ ಹಡಗಿನಲ್ಲಿ ಕೆಲಸಕ್ಕಿದ್ದರು. ಪ್ರಯಾಣಿಕರ ಕೋಣೆ ಗುಡಿಸಿ ಹಾಸಿಗೆ ಹಾಸುವ ಕೆಲಸ. ಮಲಗಲು ಇಬ್ಬರಿಗೂ ಹಡಗಿನ ತಳದಲ್ಲಿ ಒಂದೇ ಕೋಣೆ. ಕಳೆದ ಚಳಿಗಾಲದಲ್ಲಿ ಜ್ಞಾನೇಶ್ವರರ ಹೃದಯ ಅಲ್ಲೇ ನಿಂತಿತು. ಶವ ಹೈದರಾಬಾದಿನವರೆಗೆ ವಿಮಾನದಲ್ಲಿ ಬಂತು. ಸೂಟ್‌ಕೇಸು ಬೇಸಿಗೆಯಲ್ಲಿ ಕೊರಿಯರ್‌ನಲ್ಲಿ ಬಂತು. ಅದನ್ನು ತುಂಬಿ ಕಳಿಸಿದವರು ಮಕ್ಸೂದ.

ಅದರೊಳಗೆ ಅವರ ಅಂಗಿಗಳು, ಗಡ್ಡ ಕೆರೆಯುವ ಸಾಮಾನು, ಒಂದು ಜೊತೆ ಬೂಟು. ಎಲ್ಲಕ್ಕೂ ಮೇಲೆ ದಾಳಿಂಬೆ ಬಣ್ಣದ ಉಣ್ಣೆಯ ಶಾಲು. ಹೆಂಗಸರದು.

ಅತ್ತೆ ಜನಾಬಾಯಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಈ ಬಣ್ಣ ಇನ್ನ ನಿನಗ ಬ್ಯಾಡವ್ವ. ಭಾಲ್ಕ್ಯಾಗ ನಿನ್ನ ತಂಗಿ ಅದಾಳಲ್ಲ, ಅಕಿಗಿ ಕೊಡು," ಎಂದರು.

ಭಾಲ್ಕಿಗೆ ಹೋದಾಗ ತಂಗಿ ಅದನ್ನು ಹೊದ್ದು ಕನ್ನಡಿ ನೋಡಿಕೊಂಡಳು. ಅವಳಿಗೆ ಚೆನ್ನಾಗಿ ಒಪ್ಪಿತು. ಅವಳ ಹೆಗಲ ಮೇಲಿಂದ ಎಳೆದುಕೊಂಡೆ. ಅವಳಿಗೆ ಗಂಡನಿದ್ದಾನೆ, ಬೇಕಾದರೆ ತರುತ್ತಾನೆ.

ಮದುವೆಯಾದ ಮೇಲೆ ಹಡಗಿನಿಂದ ನನ್ನ ಪಾಲಿಗೆ ಬಂದದ್ದು ಅದೊಂದೇ. ಅದನ್ನು ಕೊಡುವಾಗ ಅವರು ಏನು ಹೇಳುವವರಿದ್ದರು ಎಂದು ನನಗೆ ಗೊತ್ತಾಗಬೇಕಿತ್ತು. ಮಕ್ಸೂದರಿಗೆ ಗೊತ್ತಿರಬಹುದು. ಆದರೆ ಗೆಳೆಯನ ವಿಧವೆಗೆ ಗಂಡಸು ನೇರವಾಗಿ ಫೋನ್ ಮಾಡಿದರೆ ಎರಡೂ ಮನೆಗಳಲ್ಲಿ ಮಾತಾಗುತ್ತದೆ. ಹೆಂಡತಿ ಪಕ್ಕದಲ್ಲಿದ್ದರೆ ಅಡ್ಡಿಯಿಲ್ಲ. ಹಡಗು ಬಂದರು ಸೇರಿದ ದಿನ ಅವರು ಅಂಜುಮಳಿಗೆ ಫೋನ್ ಮಾಡುತ್ತಾರೆ. ಇವತ್ತು ಅಂಥ ದಿನ.

"ಕುಂಡ್ರಿ. ಇನ್ನೇನು ಬರ್ತದ ಫೋನು," ಎಂದಳು ಅಂಜುಮ.

ಕುರ್ಚಿಯ ಎದುರಿಗೆ ಗಾಜಿನ ಶೋಕೇಸು. ಅದರಲ್ಲಿ ಅಗಲ ಅಂಚಿನ ಹುಲ್ಲಿನ ಟೋಪಿ, ಕಪ್ಪು ಕನ್ನಡಕಗಳು, ಅರ್ಧ ಖಾಲಿಯಾದ ಸೆಂಟಿನ ಬಾಟಲಿಗಳು, ಮಗುವಿನ ಹಳದಿ ರೇನ್‌ಕೋಟು.

"ಇವೆಲ್ಲಾ ಹಡಗಿನ್ವೇನ್ರಿ?"

"ಹೌರಿ. ಮಂದಿ ಇಳಿಯೋ ಗಡಿಬಿಡ್ಯಾಗ ಖೋಲ್ಯಾಗೇ ಬಿಟ್ಟು ಹೋಗ್ತಾರ. ಆಫೀಸಿಗಿ ಕೊಡ್ಬೇಕು. ಒಂದಿಷ್ಟು ತಿಂಗಳು ಯಾರೂ ಕೇಳ್ಲಿಲ್ಲಂದ್ರ ಸಿಕ್ಕವ್ರಿಗೇ ವಾಪಸ್ ಕೊಡ್ತಾರ. ಹಲ್ಲಿನ ಸೆಟ್ಟೂ ಬಿಡ್ತಾರಂತ್ರಿ! ಅದೊಂದು ತರಬ್ಯಾಡ್ರಿ ಅಂದೀನಿ. ನಮ್ಮ ಅತ್ತಿ ಕಂಡ್ರ ಹಾಕ್ಕೊಂಡು ನೋಡ್ತಾರ."

ನನಗೆ ನಗು ಬರಲಿಲ್ಲ. ಆ ನಿಯಮ ನನಗೂ ಗೊತ್ತಿತ್ತು. ನನ್ನ ಗಂಡನ ಪ್ರತಿ ಫೋನಿನಲ್ಲೂ ಕೇಳುತ್ತಿದ್ದೆ, ಏನಾದರೂ ಸಿಕ್ಕಿತೇ ಎಂದು. ಈ ಸಲ ಏನೂ ಇಲ್ಲ ಎನ್ನುತ್ತಿದ್ದರು. ಅವರ ಪಾಲಿನ ಕೋಣೆಗಳಿಗೆ ಏನನ್ನೂ ಮರೆಯದ ಜನರೇ ಬರುತ್ತಾರೆ ಎಂದುಕೊಂಡಿದ್ದೆ. ಈಗ ಶೋಕೇಸಿನ ಒಂದೊಂದು ವಸ್ತುವನ್ನೂ ನೋಡಿದೆ. ಎಲ್ಲವೂ ಬೇಕೆನಿಸಿತು. ನನಗೆ ಮಕ್ಕಳಿಲ್ಲ, ರೇನ್‌ಕೋಟೂ ಬೇಕೆನಿಸಿತು.

"ಭಾಭಿ," ಎಂದಳು ಅಂಜುಮ, "ಆ ಶಾಲು ನಾ ನೋಡೀನ್ರಿ."

"ಎಲ್ಲಿ?"

"ವಿಡಿಯೋದಾಗ. ಹೋದ ಥಂಡಿ ಶುರು ಆಗೂ ಮುಂದ. ಒಂದು ಮೂಲ್ಯಾಗ ಗೊಂಡೆ ಕಿತ್ತದ, ನೋಡ್ರಿ ಬೇಕಾರ. ನಿನಗಂತ ತಗದಿಟ್ಟೀನಿ ಅಂತ ನಮ್ಮವ್ರು ನನಗ ಅಂದಿದ್ರು."

ಮೂಲೆಗಳನ್ನು ತಿರುಗಿಸಿ ನೋಡಿದೆ. ಒಂದರಲ್ಲಿ ಗೊಂಡೆ ಇರಲಿಲ್ಲ. ದಾರಿಯಲ್ಲಿ ಕಿತ್ತಿರಬೇಕು ಎಂದುಕೊಂಡಿದ್ದೆ.

ಅಷ್ಟರಲ್ಲಿ ಫೋನ್ ಬಂತು. ಪರದೆಯ ಮೇಲೆ ಮಕ್ಸೂದರ ಮುಖ, ಹಿಂದೆ ಬಿಳಿ ಗೋಡೆ. ಅಂಜುಮ ಸಲಾಮನ್ನೂ ಹೇಳಲಿಲ್ಲ. ಫೋನನ್ನು ನನ್ನ ಕಡೆ ತಿರುಗಿಸಿದಳು.

"ಶಾಲು ಭಾಭೀರ ಹೆಗಲ ಮ್ಯಾಲ ಅದ. ಏನು ಹೇಳ್ತೀರಿ, ಇಬ್ರಿಗೂ ಹೇಳ್ರಿ."

ಮಕ್ಸೂದ ಪರದೆಗೆ ಹತ್ತಿರ ಬಂದು ಶಾಲನ್ನು ನೋಡಿದರು.

"ಮಾಫ್ ಮಾಡ್ರಿ ಭಾಭಿ. ಪೆಟ್ಟಿಗಿ ತುಂಬೂ ಮುಂದ ನೋಡಿದ್ರ ನಿಮಗಂತ ಒಂದೂ ಇದ್ದಿಲ್ಲ. ಬರೇ ಅವನ ಅಂಗಿ. ಹಂಗೇ ಹ್ಯಾಂಗ ಕಳಿಸ್ಲಿ? ಮ್ಯಾಲ ಶಾಲು ಇಟ್ಟೆ."

"ಅವರಿಗಿ ಏನೂ ಸಿಗ್ತಿದ್ದಿಲ್ಲೇನ್ರಿ?"

"ಸಿಗ್ತಿತ್ತು. ನನಕಿಂತ ಹೆಚ್ಚ ಸಿಗ್ತಿತ್ತು. ಆಫೀಸಿಂದ ವಾಪಸ್ ಬಂದದ್ದು ನನಗೇ ಕೊಟ್ಬಿಡ್ತಿದ್ದ. ಮಂದಿ ಮೈಮ್ಯಾಗಿಂದು ನನ್ನ ಹೆಂಡ್ತಿಗಿ ಹಾಕಂಗಿಲ್ಲ, ಕೊಡಿಸಿದ್ರ ಹೊಸಾದೇ ಕೊಡಿಸ್ತೇನಿ ಅಂತಿದ್ದ."

"ಯಾವಾಗ ಅಂತಿದ್ರು?"

"ಮನಿ ಮ್ಯಾಲ ಇನ್ನೊಂದು ಖೋಲಿ ಹಾಕಿದ ಮ್ಯಾಲ."

ಆ ಕೋಣೆ ಇನ್ನೂ ಆಗಿಲ್ಲ.

"ಅಂಜುಮನ ಶೋಕೇಸಿನ್ಯಾಗ ಅವರ್ವು ಯಾವ್ವು?" ಎಂದು ಕೇಳಿದೆ.

"ಯಾವ್ವಂತ ಹೇಳ್ಲಿ ಭಾಭಿ. ಎಲ್ಲಾ ಕೂಡಿ ಹೋಗ್ಯಾವ," ಎಂದರು. ಮುಖ ಪರದೆಯ ಮೇಲೆ ಒಡೆದಂತಾಗಿ ನಿಂತಿತು. ನೆಟ್‌ವರ್ಕ್ ಹೋಯಿತು.

ಅಂಜುಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

"ನನಗ ತೋರ್ಸಿ, ನಿಮಗ ಹೊಚ್ಚ್ಯಾರ," ಎಂದಳು. "ಒಂದು ಮಾತು ಕೇಳಿಲ್ಲ ನನಗ. ನಿಮ್ಮವ್ರು ನೋಡ್ರಿ, ಹೆಂಡ್ತಿಗಿ ಮಂದೀದು ಹಾಕಂಗಿಲ್ಲ ಅಂದ್ರು. ನಮ್ಮವ್ರು ಮಂದಿ ಬಿಟ್ಟಿದ್ದೇ ತಂದು ತಂದು ಮನಿ ತುಂಬ್ಸ್ಯಾರ. ನಾ ಅಷ್ಟಕ್ಕೇ ಲಾಯಕ್ಕು!"

ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಗಂಡ ಅಂದ ಆ ಒಂದು ಮಾತಿಗೆ. ನನ್ನ ಹೊಟ್ಟೆ ಆ ಟೋಪಿಗೂ ಆ ಬಾಟಲಿಗಳಿಗೂ ಉರಿಯುತ್ತಿತ್ತು. ಅವಳು ಕೇಳಿದ್ದರೆ ಆ ಮಾತನ್ನು ಅವಳಿಗೇ ಬಿಟ್ಟುಕೊಟ್ಟು ಎಲ್ಲವನ್ನೂ ತೆಗೆದುಕೊಳ್ಳುತ್ತಿದ್ದೆ. ಯಾರೋ ಬಳಸಿದ್ದಾದರೂ ಸರಿ, ಅವರ ಕೈಯಿಂದ ಬಂದಿದ್ದರೆ ಸಾಕಿತ್ತು. ನನ್ನನ್ನು ಕೇಳದೆಯೇ ನನ್ನ ಮರ್ಯಾದೆ ಕಾದಿದ್ದರು.

"ವಾಪಸ್ ಕೊಡ್ತೀರೇನ್ರಿ?" ಎಂದಳು ಅಂಜುಮ.

"ಇಲ್ಲ."

"ನಂದದು, ಭಾಭಿ."

"ನಿಮ್ಮವ್ರು ಅದಾರ. ಇನ್ನೊಂದು ಸಿಗ್ತದ."

ಅವಳ ಮುಖ ಸಣ್ಣದಾಯಿತು. ಆಮೇಲೆ ಎದ್ದು ಶೋಕೇಸಿನ ಬಾಗಿಲು ಸರಿಸಿದಳು.

"ಅದರ ಬದ್ಲಿ ಇದರಾಗ ಯಾವ್ದರೆ ಒಂದು ತಗೋರಿ. ನಿಮ್ಮವ್ರದೂ ಇದ್ದೀತು."

ನಾನೂ ಎದ್ದೆ. ಬಾಟಲಿಗಳನ್ನು ಒಂದೊಂದಾಗಿ ಮೂಸಿದೆ. ಒಂದರಲ್ಲಿ ನಿಂಬೆಯ ವಾಸನೆಯಿತ್ತು. ಅದನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ. ಶಾಲನ್ನು ಬಿಚ್ಚಲಿಲ್ಲ.

ಅಂಜುಮ ಕೈ ಚಾಚಿ ನಿಂತಿದ್ದಳು. ನಾನು ಶಾಲನ್ನು ಎದೆಯ ಮೇಲೆ ಇನ್ನಷ್ಟು ಬಿಗಿಯಾಗಿ ಎಳೆದುಕೊಂಡೆ.

"ಭಾರಿ ಅದೀರಿ ನೀವು," ಎಂದಳು.

ಶೋಕೇಸಿಗೆ ಬೀಗ ಹಾಕಿ, ಕೀಲಿಯನ್ನು ನನ್ನ ಎದುರಿಗೇ ಮುಷ್ಟಿಯಲ್ಲಿ ಹಿಡಿದುಕೊಂಡಳು. ಚಹಾದ ಮಾತು ಇಬ್ಬರೂ ಎತ್ತಲಿಲ್ಲ.